ರಂಗೋಲಿ ಅಚ್ಚಿನಿಂದ ರೇಷ್ಮೆ ಜಾಲರಿಯವರೆಗೆ: ಮನೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿ ಕಲಿತ ಇತಿಹಾಸ

ಕಳೆದ ಅಕ್ಟೋಬರ್ ತಿಂಗಳ ಒಂದು ಶನಿವಾರ ಮ್ಯಾಂಚೆಸ್ಟರಿನ ನಮ್ಮ ಮನೆಯ ಊಟದ ಮೇಜು ಮುದ್ರಣಾಲಯವಾಗಿ ಮಾರ್ಪಟ್ಟಿತು. ರಾಜ್ಯೋತ್ಸವದ ದಿನ ಸಂಘದ ಕನ್ನಡ ಶಾಲೆಯ ಪ್ರತಿಯೊಂದು ಮಗುವಿಗೂ ಒಂದು ಬಟ್ಟೆಯ ಕೈಚೀಲ ನೀಡಬೇಕು, ಅದರ ಮೇಲೆ ಮಕ್ಕಳೇ ಬರೆದ ಅಕ್ಷರಗಳು ಇರಬೇಕು ಎಂದು ಸಮಿತಿಯಲ್ಲಿ ತೀರ್ಮಾನವಾಗಿತ್ತು. ಬೇಕಾಗಿದ್ದುದು 40 ಚೀಲಗಳು ಮಾತ್ರ. ಅಷ್ಟು ಸಣ್ಣ ಕೆಲಸಕ್ಕೆ ಹೊರಗಿನವರು ಹೇಳಿದ ದರ ಸಂಘಕ್ಕೆ ಹೊಂದುವಂತಿರಲಿಲ್ಲ. ಹಾಗಾಗಿ ಮನೆಯಲ್ಲಿಯೇ ಬಳಸಬಹುದಾದ ಪುಟ್ಟ ಸ್ಕ್ರೀನ್ ಪ್ರಿಂಟಿಂಗ್ ಕಿಟ್ ಒಂದನ್ನು ತರಿಸಿಕೊಂಡೆವು.

ವೃತ್ತಿಯಿಂದ ವೈದ್ಯರಾದ ನಮಗೆ ಮುದ್ರಣಕಲೆಯ ಪರಿಚಯ ಲವಲೇಶವೂ ಇರಲಿಲ್ಲ. ಎರಡು ವಾರಾಂತ್ಯಗಳಲ್ಲಿ ಎರಡು ಸಲ ಕೆಡಿಸಿ, ಮೂರನೆಯ ಸಲಕ್ಕೆ ಕಲಿತೆವು. ಆ ಕಲಿಕೆಯ ದಾರಿಯಲ್ಲಿ ಈ ವಿದ್ಯೆಯ ಇತಿಹಾಸವೂ, ಇತಿಹಾಸದ ಜೊತೆಗೆ ನಮ್ಮ ವೃತ್ತಿಗೇ ಸಂಬಂಧಿಸಿದ ಒಂದು ಪಾಠವೂ ದೊರೆತವು. ಅವನ್ನು ಸದಸ್ಯ ಕುಟುಂಬಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಸೊನ್ನೆಯ ಸಮಸ್ಯೆ

ಪೆಟ್ಟಿಗೆಯನ್ನು ತೆರೆದಾಗ ಕಂಡದ್ದು ಇಷ್ಟೇ: ಬಿಗಿಯಾಗಿ ಎಳೆದು ಕಟ್ಟಿದ ಸೂಕ್ಷ್ಮ ಜಾಲರಿಯುಳ್ಳ ಒಂದು ಚೌಕಟ್ಟು, ಅಂಟಿನಂತಹ ಎಮಲ್ಷನ್ನಿನ ಒಂದು ಡಬ್ಬಿ, ರಬ್ಬರ್ ಅಂಚಿನ ಒಂದು ಹಲಗೆ, ನೀರಿನಲ್ಲಿ ಕರಗುವ ಶಾಯಿ. ರಬ್ಬರ್ ಹಲಗೆಗೆ ಸ್ಕ್ವೀಜಿ ಎಂದು ಹೆಸರು. ಜಾಲರಿಯ ಮೇಲೆ ಬೇಡವಾದ ಜಾಗವನ್ನೆಲ್ಲ ಮುಚ್ಚಿ, ಬೇಕಾದ ಜಾಗವನ್ನು ಮಾತ್ರ ತೆರೆದಿಟ್ಟು, ಅದರ ಮೂಲಕ ಶಾಯಿಯನ್ನು ಒತ್ತಿದರೆ ಕೆಳಗಿನ ಬಟ್ಟೆಯ ಮೇಲೆ ಆಕಾರ ಮೂಡುತ್ತದೆ. ತತ್ತ್ವ ಇಷ್ಟು ಸರಳ. ಆದರೆ ಜಾಲರಿ ಏಕೆ ಬೇಕು? ಕಾಗದವನ್ನು ಅಕ್ಷರದ ಆಕಾರದಲ್ಲಿ ಕತ್ತರಿಸಿ ಬಣ್ಣ ಬಳಿದರೆ ಸಾಲದೆ?

ಈ ಪ್ರಶ್ನೆಯನ್ನು ಕೇಳಿದವಳು ನಮ್ಮ 11 ವರ್ಷದ ಮಗಳು. ಉತ್ತರವನ್ನು ಕನ್ನಡ ಲಿಪಿಯೇ ಹೇಳಿಕೊಟ್ಟಿತು. ಅನುಸ್ವಾರದ ಸೊನ್ನೆಯನ್ನು ಕಾಗದದಲ್ಲಿ ಕತ್ತರಿಸಿದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ, ಸೊನ್ನೆಯ ಬದಲು ದೊಡ್ಡ ಚುಕ್ಕೆಯೊಂದು ಉಳಿಯುತ್ತದೆ. 'ಠ' ಅಕ್ಷರದ ಹೊಟ್ಟೆಯೊಳಗಿನ ಬೊಟ್ಟನ್ನು ನಿಲ್ಲಿಸುವುದಂತೂ ಸಾಧ್ಯವೇ ಇಲ್ಲ. ಬಿಲ್ಲೆಯನ್ನು ಹಿಡಿದಿಡಲು ಅಲ್ಲಲ್ಲಿ ಸಣ್ಣ ಸೇತುವೆಗಳನ್ನು ಉಳಿಸಬೇಕು, ಸೇತುವೆ ಉಳಿಸಿದರೆ ಅಕ್ಷರ ತುಂಡುತುಂಡಾಗಿ ಕಾಣುತ್ತದೆ. ದುಂಡನೆಯ ಲಿಪಿಯುಳ್ಳ ನಮಗೆ ಈ ತೊಡಕು ಹೆಚ್ಚು.

ಈ ಸಮಸ್ಯೆಗೆ ಎರಡು ಹಳೆಯ ಪರಿಹಾರಗಳಿವೆ. ಒಂದು ನಮ್ಮ ಮನೆಗಳಲ್ಲೇ ಇದ್ದದ್ದು. ಜಾತ್ರೆಗಳಲ್ಲಿ, ಸಂತೆಗಳಲ್ಲಿ ಮಾರುವ ರಂಗೋಲಿ ಅಚ್ಚನ್ನು ನೆನಪಿಸಿಕೊಳ್ಳಿ. ತಗಡಿನ ತಟ್ಟೆಯಲ್ಲಿ ಕಮಲವೋ ನವಿಲೋ ಸಾಲು ಸಾಲು ತೂತುಗಳಾಗಿ ಮೂಡಿರುತ್ತದೆ. ಪುಡಿ ಹಾಕಿ ಕೈಯಾಡಿಸಿದರೆ ಹೊಸಿಲ ಮುಂದೆ ಚಿತ್ತಾರ ಸಿದ್ಧ. ಗೆರೆಯನ್ನು ಚುಕ್ಕಿಗಳಾಗಿ ಒಡೆದಿರುವುದರಿಂದ ಚುಕ್ಕಿಗಳ ನಡುವಿನ ತಗಡು ಎಲ್ಲವನ್ನೂ ಹಿಡಿದಿಡುತ್ತದೆ, ನಡುವಿನ ಭಾಗ ಕಳಚಿ ಬೀಳುವ ಮಾತೇ ಇಲ್ಲ. ಇನ್ನೊಂದು ಪರಿಹಾರ ಜಪಾನಿನದು. ಅಲ್ಲಿ ಕಿಮೋನೋ ಬಟ್ಟೆಗೆ ಚಿತ್ತಾರ ಮೂಡಿಸಲು ಕತಗಾಮಿ ಎಂಬ ಕಾಗದದ ಅಚ್ಚುಗಳನ್ನು ಕೊರೆಯುತ್ತಿದ್ದರು. ಕಾಗದದ ಪದರಗಳಿಗೆ ಪರ್ಸಿಮನ್ ಹಣ್ಣಿನ ರಸ ಊಡಿಸಿ ಗಟ್ಟಿಗೊಳಿಸುತ್ತಿದ್ದರು. ಬಿಡಿ ತುಣುಕುಗಳು ಕದಲದಂತೆ ಪದರಗಳ ನಡುವೆ ನವಿರಾದ ರೇಷ್ಮೆ ಎಳೆಗಳನ್ನು ಹಾಯಿಸುತ್ತಿದ್ದರು. ಬಣ್ಣ ಎಳೆಯ ಸುತ್ತ ಹರಿದು ಕೂಡಿಕೊಳ್ಳುತ್ತಿದ್ದುದರಿಂದ ಎಳೆಯ ಗುರುತು ಬಟ್ಟೆಯ ಮೇಲೆ ಉಳಿಯುತ್ತಿರಲಿಲ್ಲ.

ಇಂದಿನ ಸ್ಕ್ರೀನು ಇವೆರಡರ ಮುಂದುವರಿಕೆಯೆಂದರೆ ತಪ್ಪಾಗದು. ಅಲ್ಲೊಂದು ಇಲ್ಲೊಂದು ಎಳೆಯ ಬದಲು ಉದ್ದಗಲಕ್ಕೂ ಎಳೆಗಳೇ. ನಮ್ಮ ಕಿಟ್ಟಿನ ಜಾಲರಿಯಲ್ಲಿ ಸೆಂಟಿಮೀಟರಿಗೆ 43 ಎಳೆಗಳಿದ್ದವು. ಅಂದರೆ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 1,850 ರಂಧ್ರಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳ ರಂಗೋಲಿ ಅಚ್ಚು ಎಂದು ಹೇಳಿದಾಗ ಮಗಳಿಗೆ ಥಟ್ಟನೆ ಅರ್ಥವಾಯಿತು.

ಮ್ಯಾಂಚೆಸ್ಟರ್, 1907

ಕಿಟ್ಟಿನ ಕೈಪಿಡಿಯಲ್ಲಿಲ್ಲದ ಒಂದು ಸಂಗತಿ ಆಮೇಲೆ ಓದುವಾಗ ತಿಳಿಯಿತು. ರೇಷ್ಮೆ ಜಾಲರಿಯನ್ನು ಬಳಸಿ ಮುದ್ರಿಸುವ ವಿಧಾನಕ್ಕೆ 1907ರಲ್ಲಿ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಸೈಮನ್ ನಾವು ವಾಸಿಸುವ ಇದೇ ಮ್ಯಾಂಚೆಸ್ಟರಿನವರು. ಅವರು ಸ್ಕ್ವೀಜಿಯ ಬದಲು ಬಿರುಸಾದ ಕುಂಚದಿಂದ ಬಣ್ಣವನ್ನು ಜಾಲರಿಯ ಮೂಲಕ ಒತ್ತುತ್ತಿದ್ದರು. ಇಂತಹ ಕೆಲಸಕ್ಕೆ ಒದಗಿದ ರೇಷ್ಮೆ ಜಾಲರಿ ಮೂಲತಃ ಹಿಟ್ಟಿನ ಗಿರಣಿಗಳದು. ಸ್ವಿಟ್ಜರ್ಲೆಂಡಿನಲ್ಲಿ ನೇಯುತ್ತಿದ್ದ, ಹಿಟ್ಟು ಜರಡಿ ಹಿಡಿಯುವ ಬಟ್ಟೆಯೇ ಮುದ್ರಣಕ್ಕೂ ನೆರವಾಯಿತು. ಇಂದು ರೇಷ್ಮೆಯ ಜಾಗದಲ್ಲಿ ಪಾಲಿಯೆಸ್ಟರ್ ಇದೆ. 'ಸಿಲ್ಕ್ ಸ್ಕ್ರೀನ್' ಎಂಬ ಹೆಸರು ಮಾತ್ರ ಉಳಿದಿದೆ.

ಅಮೆರಿಕದಲ್ಲಿ ಈ ವಿದ್ಯೆ ಮೊದಲು ಜಾಹೀರಾತು ಫಲಕಗಳ ಕೈಗೆ ಸಿಕ್ಕಿತು. ಒಂದೇ ಜಾಲರಿಯಿಂದ ಹಲವು ಬಣ್ಣಗಳನ್ನು ಮುದ್ರಿಸುವ ಸೆಲೆಕ್ಟಾಸೈನ್ ವಿಧಾನಕ್ಕೆ 1918ರಲ್ಲಿ ಅಲ್ಲಿ ಪೇಟೆಂಟ್ ದೊರೆಯಿತು. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಕಲಾವಿದರಿಗೆ ಸರ್ಕಾರವೇ ಕೆಲಸ ಕೊಟ್ಟಾಗ, 1938ರಲ್ಲಿ ನ್ಯೂಯಾರ್ಕಿನಲ್ಲಿ ಆಂಥೋನಿ ವೆಲೋನಿಸ್ ಅವರ ಮುಂದಾಳತ್ವದಲ್ಲಿ ರೇಷ್ಮೆ ಜಾಲರಿಯ ಪ್ರತ್ಯೇಕ ವಿಭಾಗವೊಂದು ತೆರೆಯಿತು. ಫಲಕ ಬರೆಯುವವರ ಕಸುಬಿಗೆ ಕಲೆಯ ಸ್ಥಾನ ಒದಗಿತು. ಆಂಡಿ ವಾರ್ಹಾಲ್ 1962ರಲ್ಲಿ ಮರಿಲಿನ್ ಮನ್ರೋ ಅವರ ಛಾಯಾಚಿತ್ರವನ್ನು ಇದೇ ವಿಧಾನದಿಂದ ಮತ್ತೆ ಮತ್ತೆ ಮುದ್ರಿಸಿದರು. 1968ರ ಮೇ ತಿಂಗಳಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳು ಕಲಾಶಾಲೆಯನ್ನು ಆಕ್ರಮಿಸಿಕೊಂಡು ಭಿತ್ತಿಪತ್ರಗಳನ್ನು ಅಚ್ಚು ಹಾಕತೊಡಗಿದರು. ಮೊದಲು ಕಲ್ಲಚ್ಚಿನಿಂದ ಆರಂಭಿಸಿದ ಅವರು, ಅದು ತೀರ ನಿಧಾನವೆಂದು ಕಂಡು ಸ್ಕ್ರೀನ್ ಪ್ರಿಂಟಿಂಗಿಗೆ ಬದಲಾದರು. ಯಂತ್ರ ಬೇಡ, ವಿದ್ಯುತ್ತು ಬೇಡ, ನಾಲ್ಕು ಜನ ಕೂಡಿದರೆ ಒಂದು ರಾತ್ರಿಯಲ್ಲಿ ಊರಿಗೆಲ್ಲ ಸಾಲುವಷ್ಟು ಅಚ್ಚು ಹಾಕಬಹುದು ಎಂಬುದೇ ಈ ವಿದ್ಯೆಯ ಶಕ್ತಿ.

ಬಿಸಿಲನ್ನು ನೆಚ್ಚಿ ಕೆಟ್ಟ ಕೆಲಸ

ಮಕ್ಕಳ ಕೈಬರಹವನ್ನು ಜಾಲರಿಗೆ ಇಳಿಸುವ ಹೊಣೆ ಬೆಳಕಿನದು. ಎಮಲ್ಷನ್ನನ್ನು ಕತ್ತಲೆಯಲ್ಲಿ ಜಾಲರಿಗೆ ಬಳಿದು ಒಣಗಿಸಬೇಕು. ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ ಬರೆದ ಅಕ್ಷರಗಳನ್ನು ಅದರ ಮೇಲಿಟ್ಟು ಬೆಳಕಿಗೆ ಒಡ್ಡಬೇಕು. ಬೆಳಕು ಬಿದ್ದ ಜಾಗದಲ್ಲಿ ಅಂಟು ಗಟ್ಟಿಯಾಗುತ್ತದೆ. ಅಕ್ಷರದ ನೆರಳಿನಡಿ ಮೆತ್ತಗೇ ಉಳಿದ ಅಂಟು ನೀರು ಹಾಯಿಸಿದಾಗ ತೊಳೆದುಹೋಗಿ ದಾರಿ ತೆರೆಯುತ್ತದೆ.

ಈ ರಸಾಯನಶಾಸ್ತ್ರ ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಸ್ಕಾಟ್ಲೆಂಡಿನ ಮಂಗೋ ಪಾಂಟನ್ ಅವರು ಪೊಟ್ಯಾಸಿಯಂ ಡೈಕ್ರೋಮೇಟ್ ಸವರಿದ ಕಾಗದ ಬೆಳಕಿಗೆ ಬಣ್ಣ ಬದಲಿಸುವುದನ್ನು ಕಂಡುಕೊಂಡರು. ಡೈಕ್ರೋಮೇಟ್ ಬೆರೆಸಿದ ಜೆಲಟಿನ್ ಬೆಳಕಿಗೆ ಗಟ್ಟಿಯಾಗುವ ಗುಣವನ್ನು ಆಧರಿಸಿ ಫಾಕ್ಸ್ ಟಾಲ್ಬಟ್ ಅವರು 1852ರಲ್ಲಿ ಪೇಟೆಂಟ್ ಪಡೆದರು. ಮುಂದೆ ಸ್ಕ್ರೀನ್ ಪ್ರಿಂಟಿಂಗಿನವರು ದಶಕಗಳ ಕಾಲ ಈ ಕಿತ್ತಳೆ ಬಣ್ಣದ ಹರಳುಗಳನ್ನೇ ನೆಚ್ಚಿಕೊಂಡರು.

ನಮ್ಮ ಮೊದಲ ಪ್ರಯತ್ನ ಬೆಳಕಿನಿಂದಲೇ ಕೆಟ್ಟಿತು. ಬಿಸಿಲಿನಲ್ಲಿಯೂ ಇಡಬಹುದು ಎಂದು ಕೈಪಿಡಿ ಹೇಳಿತ್ತು. ಚೌಕಟ್ಟನ್ನು ಹಿತ್ತಲಿನಲ್ಲಿಟ್ಟು ಕಾದೆವು. ಮೋಡ ಬಂತು, ಹೋಯಿತು, ಮತ್ತೆ ಬಂತು. ಸ್ನಾನದ ಮನೆಯಲ್ಲಿ ನೀರು ಬಿಟ್ಟಾಗ ಅಕ್ಷರದ ಜೊತೆಗೆ ಉಳಿದ ಅಂಟೂ ಕೊಚ್ಚಿಹೋಗಿ ಬರಿಯ ಜಾಲರಿ ಉಳಿಯಿತು. ಎರಡನೆಯ ಸಲ ದೀಪ ಬಳಸಿದೆವು, ಆದರೆ ಹಾಳೆಯನ್ನು ತಿರುವಿಡಲು ಮರೆತೆವು. ಬಟ್ಟೆಯ ಮೇಲೆ 'ಕನ್ನಡ' ಕನ್ನಡಿಯಲ್ಲಿ ಕಂಡಂತೆ ಮೂಡಿತು. ಮಕ್ಕಳಿಗೆ ನಗು, ನಮಗೆ ಚಿಂತೆ: ರಾಜ್ಯೋತ್ಸವಕ್ಕೆ ಎರಡೇ ವಾರಗಳು ಉಳಿದಿದ್ದವು.

ಆಗ ನೆನಪಾದವರು ಸಂಘದ ಹಿರಿಯರೊಬ್ಬರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಮಗನ ಮನೆಗೆಂದು ಗದಗಿನಿಂದ ಬಂದು ಇಲ್ಲಿಯೇ ನೆಲೆಸಿದವರು. ಊರಿನಲ್ಲಿ ಲಗ್ನಪತ್ರಿಕೆಗಳ ಮುದ್ರಣದ ಅಂಗಡಿಯಿತ್ತು ಎಂದು ಯಾವಾಗಲೋ ಹೇಳಿದ್ದರು. ವಿಷಯ ತಿಳಿಸಿದ ಮರುದಿನವೇ ಬಂದರು. ತೊಳೆದುಹೋದ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಡಾಕ್ಟರ್ರ, ಇದು ಗದಗಿನ ಬಿಸಲಲ್ರೀ. ಈ ಊರಾಗ ಸೂರ್ಯನ್ನ ನೆಚ್ಚಿದ್ರ ಕೆಲಸ ಕೆಡತೈತಿ."

ಎಷ್ಟು ಹೊತ್ತು ದೀಪದಡಿ ಇಡಬೇಕೆಂಬುದನ್ನು ಕಂಡುಹಿಡಿಯುವ ಬಗೆಯನ್ನೂ ಅವರೇ ತೋರಿಸಿದರು. ಜಾಲರಿಯನ್ನು ರಟ್ಟಿನಿಂದ ಮುಚ್ಚಿ, ಎರಡೆರಡು ನಿಮಿಷಕ್ಕೊಮ್ಮೆ ರಟ್ಟನ್ನು ಒಂದೊಂದು ಪಟ್ಟಿಯಷ್ಟು ಸರಿಸುತ್ತ ಹೋಗುವುದು. ಆಮೇಲೆ ತೊಳೆದು, ಯಾವ ಪಟ್ಟಿಯಲ್ಲಿ ಅಕ್ಷರ ಚೆನ್ನಾಗಿ ನಿಂತಿದೆ ಎಂದು ನೋಡುವುದು. ಬೆಳಕು ಕಡಿಮೆಯಾದರೆ ಅಂಟು ನಿಲ್ಲುವುದಿಲ್ಲ, ಹೆಚ್ಚಾದರೆ ಸಣ್ಣ ಗೆರೆಗಳು ಮುಚ್ಚಿಕೊಳ್ಳುತ್ತವೆ. ಔಷಧದ ಪ್ರಮಾಣವನ್ನು ಹಂತಹಂತವಾಗಿ ಏರಿಸಿ ನೋಡುವ ನಮ್ಮ ಕ್ರಮಕ್ಕೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಗದಗಿನ ಅಂಗಡಿ

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿರುವುದು ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ಮ್ಯಾಂಚೆಸ್ಟರಿಗೂ ಆ ಸೀಮೆಗೂ ಇರುವ ಹಳೆಯ ನಂಟು ಅಷ್ಟಾಗಿ ತಿಳಿದಿರಲಿಕ್ಕಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿಯ ಹರಿವು ನಿಂತಾಗ ಇಲ್ಲಿಯ ಗಿರಣಿಗಳು ಧಾರವಾಡ ಸೀಮೆಯ ಹತ್ತಿಯ ಕಡೆ ಕಣ್ಣು ಹಾಯಿಸಿದ್ದವು. ಅದನ್ನು ಕಾರವಾರದ ಬಂದರಿನಿಂದ ಸಾಗಿಸಲು ರಸ್ತೆ ಮಾಡಿಸಿಕೊಡಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಸರ್ಕಾರದ ಬೆನ್ನು ಹತ್ತಿದ್ದರು. ಗದಗಿನ ಎರೆಭೂಮಿ ಆ ಹತ್ತಿಯ ನೆಲ. ಇದನ್ನು ಹೇಳಿದಾಗ ಕಾಕಾ ಮೇಜಿನ ಮೇಲಿನ ಚೀಲಗಳನ್ನು ಮುಟ್ಟಿ ನೋಡಿ, ಹತ್ತಿ ಹಳೆಯ ದಾರಿಯಲ್ಲೇ ಬಂದಿದೆ ಎಂದರು.

1980ರ ದಶಕದಲ್ಲಿ ಅವರ ಅಂಗಡಿಯಲ್ಲಿ ಲಗ್ನಪತ್ರಿಕೆಯ ಒಕ್ಕಣೆಯನ್ನು ಸೀಸದ ಮೊಳೆಗಳಿಂದ ಅಚ್ಚು ಹಾಕುತ್ತಿದ್ದರು. ಮೇಲಿನ ಗಣಪತಿ, ವಧೂವರರ ಹೆಸರಿನ ಬಂಗಾರದ ಬಣ್ಣ ಸ್ಕ್ರೀನಿನ ಕೆಲಸ. ಚೌಕಟ್ಟನ್ನು ಬಡಗಿಯಿಂದ ಮಾಡಿಸಿ, ಅಂಟಿಗೆ ಬೈಕ್ರೋಮೇಟ್ ಹರಳು ಕಲಸಿ, ಮಾಳಿಗೆಯ ಬಿಸಿಲಿನಲ್ಲಿ ಹೊತ್ತು ಎಣಿಸುತ್ತಿದ್ದರು. ವೈಶಾಖದ ಲಗ್ನಗಳ ಕಾಲದಲ್ಲಿ ರಾತ್ರಿಯೆಲ್ಲ ಕೆಲಸ. ಹಗ್ಗಕ್ಕೆ ನೇತುಹಾಕಿದ ಪತ್ರಿಕೆಗಳಡಿಯಲ್ಲೇ ಮಕ್ಕಳು ಮಲಗುತ್ತಿದ್ದರಂತೆ. ಶಾಯಿಯನ್ನು ಸೀಮೆಎಣ್ಣೆಯಿಂದ ಒರೆಸುವುದು, ಅಂಟನ್ನು ಬರಿಗೈಯಿಂದ ಬಳಿಯುವುದು ವಾಡಿಕೆ. ಕೈಗವಸು ಎಂಬ ಮಾತೇ ಇರಲಿಲ್ಲ.

ಹೀಗೆ ಹೇಳುತ್ತ ಅವರು ಕೈಗಳನ್ನು ಮೇಜಿನ ಮೇಲಿಟ್ಟಿದ್ದರು. ಬೆರಳ ಸಂದುಗಳಲ್ಲಿ ಚರ್ಮ ದಪ್ಪಗಟ್ಟಿ ಬಿರುಕು ಬಿಟ್ಟಿತ್ತು. ಆರು ವರ್ಷಗಳಿಂದ ಯುಗಾದಿಯ ಪಂಕ್ತಿಯಲ್ಲಿ, ಗಣೇಶನ ಹಬ್ಬದಲ್ಲಿ ಆ ಕೈಗಳನ್ನು ನಾವು ನೋಡಿದ್ದೆವು. ಇಲ್ಲಿಯ ಚಳಿಗೆ ಹೀಗಾಗಿದೆ ಎಂದು ಅವರು ಹೇಳಿದ್ದನ್ನು ನಂಬಿದ್ದೆವು. ಒಮ್ಮೆಯೂ ಮುಂದಿನ ಪ್ರಶ್ನೆ ಕೇಳಿರಲಿಲ್ಲ.

ರೋಗಿಯನ್ನು ಕಂಡಾಗ "ನಿನ್ನ ಕಸುಬೇನು?" ಎಂದು ಕೇಳಬೇಕೆಂದು ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಝಿನಿ 1700ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬೋಧಿಸಿದ್ದರು. ವೈದ್ಯಕೀಯ ಕಾಲೇಜಿನಲ್ಲಿ ನಾವು ಇದನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆವು. ಡೈಕ್ರೋಮೇಟಿನಲ್ಲಿರುವ ಕ್ರೋಮಿಯಂ ಚರ್ಮಕ್ಕೆ ಅಲರ್ಜಿ ತರಬಲ್ಲದು, ಸಿಮೆಂಟಿನ ಕೆಲಸಗಾರರಲ್ಲಿಯೂ ಕಾಣುವ ಈ ಅಲರ್ಜಿ ಒಮ್ಮೆ ಬಂದರೆ ವರ್ಷಾನುಗಟ್ಟಲೆ ಬಿಡದು ಎಂಬುದೂ ಗೊತ್ತಿತ್ತು. ಗೊತ್ತಿದ್ದುದು ಹೊಸ್ತಿಲಾಚೆಯ ಕಾಕಾರವರೆಗೆ ಬಂದಿರಲಿಲ್ಲ, ಅಷ್ಟೇ.

ಅವರ ವೈದ್ಯರು ನಾವಲ್ಲವಾದ್ದರಿಂದ ಅವರ ಜಿಪಿಗೆ ಕಸುಬಿನ ವಿವರವನ್ನು ಬರೆದು ತಿಳಿಸುವಂತೆ ಮಗನಿಗೆ ಹೇಳಿದೆವು. ಕೆಲವು ತಿಂಗಳ ನಂತರ ಚರ್ಮ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ ಆಯಿತು. ಬೆನ್ನಿಗೆ ಹಚ್ಚಿದ ಪಟ್ಟಿಗಳಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟಿನ ಜಾಗ ಕೆಂಪಗೆ ಎದ್ದಿತು. ಅಂಗಡಿ ಮುಚ್ಚಿ ಅಷ್ಟು ವರ್ಷಗಳಾದರೂ ಕೈ ಏಕೆ ಮಾಯಲಿಲ್ಲ? ಉತ್ತರ ಮನೆಯ ಬಾಗಿಲ ಗೂಟದಲ್ಲೇ ನೇತಾಡುತ್ತಿತ್ತು. ಇಲ್ಲಿಯ ಚಳಿಗೆಂದು ಮಗ ಪ್ರೀತಿಯಿಂದ ತಂದುಕೊಟ್ಟ ಚರ್ಮದ ಕೈಗವಸುಗಳು. ತೊಗಲನ್ನು ಹದ ಮಾಡಲು ಕ್ರೋಮಿಯಂ ಲವಣಗಳನ್ನೇ ಹೆಚ್ಚಾಗಿ ಬಳಸುತ್ತಾರೆ. ಚಳಿಗಾಲದಲ್ಲಿ ಉಲ್ಬಣಿಸುತ್ತಿದ್ದುದು ಚಳಿಯಿಂದಲ್ಲ, ಗವಸಿನಿಂದ ಎಂದು ವೈದ್ಯರು ತಿಳಿಸಿದರು. ಈಗ ಅವರು ಉಣ್ಣೆಯ ಗವಸು ಹಾಕುತ್ತಾರೆ. ಬಿರುಕುಗಳು ಮುಚ್ಚಿಕೊಳ್ಳುತ್ತಿವೆ. ಇದನ್ನೆಲ್ಲ ಅವರ ಒಪ್ಪಿಗೆ ಪಡೆದೇ ಬರೆದಿದ್ದೇವೆ. ತಮ್ಮ ಓರಗೆಯವರು ಊರಿನಲ್ಲಿ ಇನ್ನೂ ಅನೇಕರಿದ್ದಾರೆ, ಅವರ ಮಕ್ಕಳು ಓದಲಿ ಎಂಬುದು ಅವರ ಇಚ್ಛೆ.

ಜಪಾನಿನ ಪುಟ್ಟ ಪೆಟ್ಟಿಗೆ

ಮನೆಯೊಳಗೆ ಸ್ಕ್ರೀನ್ ಪ್ರಿಂಟಿಂಗ್ ತಂದ ಕೀರ್ತಿಯಲ್ಲಿ ದೊಡ್ಡ ಪಾಲು ಜಪಾನಿನದು. ಹೊಸ ವರ್ಷಕ್ಕೆ ಬಂಧುಮಿತ್ರರಿಗೆಲ್ಲ ಶುಭಾಶಯದ ಅಂಚೆಕಾರ್ಡು ಕಳುಹಿಸುವುದು ಅಲ್ಲಿಯ ಸಂಪ್ರದಾಯ. ನೂರಾರು ಕಾರ್ಡುಗಳನ್ನು ಕೈಯಿಂದ ಬರೆಯುವ ಶ್ರಮವನ್ನು ಕಂಡ ನೊಬೋರು ಹಯಾಮಾ 1977ರಲ್ಲಿ ಪ್ರಿಂಟ್ ಗೊಕ್ಕೊ ಎಂಬ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದರು. 1946ರಲ್ಲಿ ಸ್ಟೆನ್ಸಿಲ್ ಮುದ್ರಣದ ಸಣ್ಣ ಉದ್ಯಮವಾಗಿ ಅವರು ಆರಂಭಿಸಿದ ರಿಸೋ ಸಂಸ್ಥೆಯದೇ ಈ ಯಂತ್ರ. 'ಗೊಕ್ಕೊ' ಎಂದರೆ ಮಕ್ಕಳ ಸೋಗಿನಾಟ, ನಮ್ಮಲ್ಲಿ ಅಡುಗೆಯಾಟ, ಅಂಗಡಿಯಾಟ ಎನ್ನುವಂತೆ ಅದು 'ಅಚ್ಚಿನಾಟ'.

ಅದರಲ್ಲಿ ಅಂಟು ಬಳಿಯುವ, ತೊಳೆಯುವ ರಗಳೆಯಿರಲಿಲ್ಲ. ಇಂಗಾಲವಿರುವ ಶಾಯಿಯಲ್ಲಿ ಬರೆದ ಚಿತ್ರದ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆಯಿದ್ದ ಜಾಲರಿಯನ್ನಿಟ್ಟು, ಕ್ಯಾಮೆರಾದ ಫ್ಲಾಶ್ ಬಲ್ಬುಗಳನ್ನು ಝಗ್ಗೆಂದು ಬೆಳಗಿಸಿದರೆ ಸಾಕು. ಕಪ್ಪು ಗೆರೆ ಶಾಖವನ್ನು ಹೀರಿ, ಅದಕ್ಕೆ ತಾಗಿದ ಪೊರೆ ಕರಗಿ ದಾರಿ ತೆರೆಯುತ್ತಿತ್ತು. ಮೇಲೆ ಶಾಯಿ ಹಿಂಡಿ, ಮೊಹರು ಒತ್ತಿದಂತೆ ಒತ್ತುತ್ತ ಹೋಗುವುದು. 1 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಮನೆಮನೆಗೆ ಕಂಪ್ಯೂಟರ್, ಪ್ರಿಂಟರ್ ಬಂದ ಮೇಲೆ ಬೇಡಿಕೆ ಕುಗ್ಗಿತು. 2008ರಲ್ಲಿ ಯಂತ್ರದ ತಯಾರಿಕೆಯೂ, 2012ರಲ್ಲಿ ಬಲ್ಬು ಮತ್ತು ಶಾಯಿಯ ಪೂರೈಕೆಯೂ ನಿಂತವು. ಬಲ್ಬಿಲ್ಲದೆ ಹೊಸ ಅಚ್ಚು ಮಾಡಲಾಗದು. ಒಬ್ಬರೇ ತಯಾರಿಸುವ ಸಾಮಗ್ರಿಯನ್ನು ನೆಚ್ಚಿದ ವಿದ್ಯೆಗೆ ಒದಗುವ ಗತಿಯಿದು. ಚೌಕಟ್ಟು, ಬಟ್ಟೆ, ಅಂಟು, ಬೆಳಕುಗಳನ್ನು ನೆಚ್ಚಿದ ಹಳೆಯ ವಿಧಾನ ಮಾತ್ರ ಗದಗಿನಲ್ಲಿಯೂ ಮ್ಯಾಂಚೆಸ್ಟರಿನಲ್ಲಿಯೂ ಒಂದೇ ಬಗೆಯಲ್ಲಿ ಉಳಿದಿದೆ.

ನಲವತ್ತು ಚೀಲಗಳು

ಮೂರನೆಯ ಶನಿವಾರ ಎಂಟು ಮಕ್ಕಳು ನಮ್ಮ ಮನೆಯಲ್ಲಿ ನೆರೆದರು. ಪ್ರತಿಯೊಬ್ಬರೂ ಒಂದೊಂದು ಸಾಲು ಅಕ್ಷರಗಳನ್ನು ದಪ್ಪ ಪೆನ್ನಿನಿಂದ ಬರೆದರು. ಕಾಕಾ ಕುರ್ಚಿಯಲ್ಲಿ ಕುಳಿತು ಕೈ ಮುಟ್ಟಿಸದೆ ಮಾತಿನಿಂದಲೇ ಕೆಲಸ ನಡೆಸಿದರು. ನಮ್ಮ ಮಗಳು ಸ್ಕ್ವೀಜಿಯನ್ನು ಮುಂದಕ್ಕೆ ತಳ್ಳುತ್ತಿದ್ದಾಗ, "ನೂಕಬ್ಯಾಡ ಯವ್ವಾ, ನಿನ್ನ ಕಡೆ ಎಳಿ. ಒಂದ ಸಲ ಎಳದ ಬಿಡು" ಎಂದರು. ಚೌಕಟ್ಟನ್ನು ಎತ್ತಿದಾಗ ವರ್ಣಮಾಲೆ ಕೆಂಪು ಬಣ್ಣದಲ್ಲಿ, ಸರಿಯಾದ ದಿಕ್ಕಿನಲ್ಲಿ, ಬಟ್ಟೆಯ ಮೇಲಿತ್ತು. 'ಠ'ದ ಬೊಟ್ಟು ಇದ್ದಲ್ಲಿಯೇ ಇತ್ತು. ಕೆಲವು ಚೀಲಗಳಲ್ಲಿ ಸಣ್ಣಗೆ ಬರೆದ ಒತ್ತಕ್ಷರಗಳು ಶಾಯಿ ತುಂಬಿ ಮಸುಕಾದವು. ಒಂದರಲ್ಲಿ 'ಣ' ಒಂದು ಕಡೆ ವಾಲಿತ್ತು. ಬರೆದ ಹುಡುಗನಿಗೆ ಅದೇ ಚೀಲ ಬೇಕೆಂದು ಹಟ.

1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ, ಕೈಬರಹದ ರೂಪದಲ್ಲಿಯೇ ಮೂಡಿಬಂದದ್ದು ಈ ಸಂದರ್ಭದಲ್ಲಿ ನೆನಪಿಗೆ ಬಂತು. ಮೊಳೆಗಳ ಅಚ್ಚಿಗಿಂತ ಮೊದಲು ಕನ್ನಡದ ಸುದ್ದಿ ಬರೆದವರ ಕೈಯ ಗುರುತಿನೊಡನೆಯೇ ಓದುಗರನ್ನು ತಲುಪಿತ್ತು. ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಕನ್ನಡವನ್ನು ಪರದೆಯ ಮೇಲೆ ಓದುವುದೇ ಹೆಚ್ಚು, ಕೈಯಾರೆ ಬರೆಯುವುದು ಅಪರೂಪ. ತಾವು ಬರೆದದ್ದು ನಲವತ್ತು ಮನೆಗಳಿಗೆ ಹೋಗುತ್ತದೆ ಎಂದು ತಿಳಿದ ದಿನ ಅವರು ಪ್ರತಿ ಅಕ್ಷರವನ್ನೂ ಮೂರು ಸಲ ತಿದ್ದಿದರು.

ಮನೆಯಲ್ಲಿ ಪ್ರಯತ್ನಿಸಬಯಸುವವರಿಗೆ ನಾಲ್ಕು ಮಾತು. ಡೈಕ್ರೋಮೇಟ್ ಇರುವ ಹಳೆಯ ಸಾಮಗ್ರಿ ಯಾರಾದರೂ ಕೊಟ್ಟರೂ ಬಳಸಬೇಡಿ. ಆ ರೂಪದ ಕ್ರೋಮಿಯಂ ಕ್ಯಾನ್ಸರ್‌ಕಾರಕವೂ ಹೌದು. ಡಯಾಜೋ ಮೊದಲಾದ ಕ್ರೋಮಿಯಂರಹಿತ ಎಮಲ್ಷನ್, ನೀರಿನಲ್ಲಿ ಕರಗುವ ಶಾಯಿ ದೊರೆಯುತ್ತವೆ. ಆದರೂ ರಬ್ಬರಿನ ಗವಸು ಹಾಕಿ, ಕಿಟಕಿ ತೆರೆದಿಡಿ. ಅಕ್ಷರಗಳನ್ನು ದಪ್ಪಗೆ, ಒತ್ತಕ್ಷರಗಳನ್ನು ಬಿಡಿಸಿ ಬರೆಯಿರಿ. ಶಾಯಿ ಒಣಗಿದ ಮೇಲೆ ತಯಾರಕರು ಹೇಳಿದಷ್ಟು ಹೊತ್ತು ಇಸ್ತ್ರಿ ಮಾಡಿದರೆ ಬಣ್ಣ ಒಗೆತಕ್ಕೆ ನಿಲ್ಲುತ್ತದೆ. ಕೆಲಸ ಮುಗಿದ ಕೂಡಲೇ ಜಾಲರಿಯನ್ನು ತೊಳೆಯಿರಿ, ಒಣಗಿದ ಶಾಯಿ ರಂಧ್ರಗಳನ್ನು ಬಿಡುವುದಿಲ್ಲ.

ಕಿಟ್ ಈಗ ಸಂಘದ ಸಾಮಾನುಗಳ ಜೊತೆಯಲ್ಲಿದೆ, ಬೇಕಾದ ಕುಟುಂಬಗಳು ಎರವಲು ಪಡೆಯಬಹುದು. ಕಲಿಸಲು ತಾವು ಸಿದ್ಧ ಎಂದು ಕಾಕಾ ಹೇಳಿದ್ದಾರೆ. ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಊರಿನಲ್ಲಿ ಏನು ಕಸುಬು ಮಾಡುತ್ತಿದ್ದರು, ಯಾವ ವಸ್ತುಗಳನ್ನು ಕೈಯಲ್ಲಿ ಮುಟ್ಟುತ್ತಿದ್ದರು ಎಂದು ಒಮ್ಮೆ ಕುಳಿತು ಕೇಳಿ. ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ, ಕೇಳದಿದ್ದರೂ ಅದನ್ನು ಹೇಳಿ.